ಹೊಳೆಯಾಚೆಯ ಕಾಯಿದೆ

ಹಂಪೆಯ ಬಳಿಯ ತಳವಾರಘಟ್ಟದಲ್ಲಿ ಹರಿಗೋಲನ್ನೇರಿ ತುಂಗಭದ್ರೆಯನ್ನು ದಾಟಿ ಆನೆಗೊಂದಿಯಲ್ಲಿ ಇಳಿಯುವ ಯಾತ್ರಿಕನಿಗೆ, ಆಚೆಯ ಬಂಡೆಗೂ ಈಚೆಯ ಬಂಡೆಗೂ, ಆಚೆಯವರ ಮಾತಿಗೂ ಈಚೆಯವರ ಮಾತಿಗೂ ಭೇದವೇನೂ ಕಾಣದು. ಆದರೂ 1948ಕ್ಕೆ ಮುಂಚೆ ಅವನು ಆ ಅಲ್ಪಾವಧಿಯಲ್ಲಿ ಮದರಾಸು ಪ್ರಾಂತವನ್ನು ಬಿಟ್ಟು ನಿಜಾಮರ ರಾಜ್ಯವನ್ನು ಹೊಕ್ಕಿರುತ್ತಿದ್ದನು. ಗದಗಿನಿಂದ ಹೊಸಪೇಟೆಗೆ ರೈಲಿನಲ್ಲಿ ಹೊರಟವನ ಪಾಡು ಇನ್ನೂ ವಿಚಿತ್ರ: ಮುಂಬಯಿ ಪ್ರಾಂತದಲ್ಲಿ ಟಿಕೀಟು ಕೊಂಡು, ಕೊಪ್ಪಳ, ಮುನಿರಾಬಾದುಗಳಲ್ಲಿ ನಿಜಾಮರ ಪ್ರಜೆಗಳ ಜತೆ ಹರಟೆ ಹೊಡೆದು, ಹೊಳೆ ದಾಟಿದೊಡನೆ ಮದರಾಸಿನವನಾಗುತ್ತಿದ್ದನು. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಐದು ಪಾಲಾಗಿದ್ದ ಕನ್ನಡನಾಡಿನೊಳಗೆ, ಸಾಲದೆಂಬಂತೆ ಸಂಡೂರು, ಸವಣೂರು, ಮುಧೋಳ, ಜಮಖಂಡಿಗಳೆಂಬ ಪುಟ್ಟ ಸಂಸ್ಥಾನಗಳೂ ಇದ್ದುವು. ಭಾಷೆ ಬದಲಾದಾಗ ಪರದೇಶವೆಂಬ ಎಚ್ಚರಿಕೆ ತಾನಾಗಿಯೇ ಹುಟ್ಟುತ್ತದೆ. ಇಲ್ಲಿ ಆ ಎಚ್ಚರಿಕೆಗೆ ಆಸ್ಪದವೇ ಇರಲಿಲ್ಲ.

ನಿಜಾಮರ ಸೀಮೆಯಲ್ಲಿ ಮೊದಲು ಎದುರಾಗುತ್ತಿದ್ದುದು ಕರೋಡಗಿರಿಯ, ಎಂದರೆ ಸುಂಕದ, ನಾಕಾ. 1802ರ ಒಪ್ಪಂದದಲ್ಲಿ ಕಂಪನಿ ಸರ್ಕಾರವೇ ಒಪ್ಪಿಕೊಂಡ ನೂರಕ್ಕೆ ಐದರ ಸುಂಕ ಆ ರಾಜ್ಯದಲ್ಲಿ ಬೇರೂರಿ ಒಂದು ದೊಡ್ಡ ಇಲಾಖೆಯಾಗಿಯೇ ಬೆಳೆದಿತ್ತು. ಗಂಟಿನಲ್ಲಿರುವ ನಾಲ್ಕು ಸೀರೆ ಮಗಳ ಮದುವೆಗೋ ಸಂತೆಯ ಮಾರಾಟಕ್ಕೋ ಎಂಬ ಸೂಕ್ಷ್ಮ ಪ್ರಶ್ನೆಯನ್ನು ಅಲ್ಲಿ ತೀರ್ಮಾನಿಸುವ ಮೊದಲ ನ್ಯಾಯಾಧೀಶ ನಾಕಾದ ಸಿಪಾಯಿ. ಸುಂಕ ಕೊಡೋಣವೆಂದು ಸೊಂಟದ ಚೀಲ ಬಿಚ್ಚಿದರೆ, ಅಲ್ಲಿ ನಡೆಯುವ ನಾಣ್ಯವೇ ಬೇರೆ; ಚಾರಮಿನಾರಿನ ಮುದ್ರೆಯುಳ್ಳ ಹಾಲಿ ಸಿಕ್ಕಾ. ಬ್ರಿಟಿಷರ 100 ಕಲ್ದಾರ್ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಸಿಕ್ಕಾ ಎಂಬುದು ಸರ್ಕಾರಿ ದರ. ಏಳಕ್ಕೆ ಆರು ಎಂದು ಬಲ್ಲವರು ಬೆರಳ ತುದಿಯಲ್ಲಿ ಎಣಿಸುತ್ತಿದ್ದ ಈ ಲೆಕ್ಕ, ಅಕ್ಷರ ತಿಳಿಯದ ರೈತನ ಪಾಲಿಗೆ ವಿನಿಮಯದ ಸಾಹುಕಾರನ ದಯೆಯೇ ಸರಿ. ಅರಿಯದೆ ಮಾಡಿದೆನೆಂದು ಕೈಮುಗಿದರೆ ನ್ಯಾಯಾಲಯ ಒಪ್ಪುವಂತಿಲ್ಲ, ಏಕೆಂದರೆ ಕಾನೂನಿನ ಅಜ್ಞಾನ ಎಲ್ಲಿಯೂ ಕ್ಷಮಾರ್ಹವಲ್ಲ. ಆ ಕಾನೂನಾದರೋ ಪ್ರಕಟವಾಗುತ್ತಿದ್ದುದು ಉರ್ದುವಿನ ಜರೀದಾ ಎಂಬ ಸರ್ಕಾರಿ ರಾಜಪತ್ರದಲ್ಲಿ. ಇತ್ತ ಬ್ರಿಟಿಷ್ ಪ್ರಾಂತದ ಕಾಯಿದೆಯ ಮೂಲ ಇಂಗ್ಲಿಷಿನಲ್ಲಿತ್ತೆಂಬುದನ್ನು ನೆನೆದರೆ ನಿಜಾಮರ ಸರ್ಕಾರವೊಂದನ್ನೇ ದೂರುವುದು ನ್ಯಾಯವಾಗದು.

ಮೈಸೂರು ಸೀಮೆಯಲ್ಲಿ ಇನ್ನೊಂದು ಬಗೆಯ ತೊಡಕು. ಅಲ್ಲಿ ಟೀಪುವಿನ ಕಾಲದಿಂದಲೂ ಶ್ರೀಗಂಧ ರಾಜವೃಕ್ಷವಾಗಿತ್ತು. ಸ್ವಂತ ಹಿತ್ತಿಲಲ್ಲಿ ತಾನಾಗಿ ಹುಟ್ಟಿದ ಗಿಡವಾದರೂ ಅದು ಸರ್ಕಾರದ್ದಾಗಿತ್ತು. ಕೊಡಗಿನಲ್ಲಿ ಕೊಡವರಿಗೆ 1861ರಿಂದ ಆಯುಧದ ನಿರ್ಬಂಧದಿಂದ ವಿನಾಯಿತಿ ಇದ್ದಿತಾದುದರಿಂದ ಕೋವಿ ಮನೆಮನೆಯ ಆಭರಣವಾಗಿತ್ತು. ಅದನ್ನು ಕಂಡು ತನಗೂ ಆ ಹಕ್ಕುಂಟೆಂದು ಪರವೂರವನು ಭ್ರಮಿಸುವಂತಿರಲಿಲ್ಲ.

ಇವೆಲ್ಲ ಅರಿಯದವರ ಕಷ್ಟ. ಅರಿತವರಿಗಾದರೋ ಇದೇ ಗಡಿ ಎಷ್ಟು ಅನುಕೂಲವಾಗಬಲ್ಲುದೆಂಬುದಕ್ಕೆ ವಿವಾಹದ ಕಾಯಿದೆಗಳೇ ಸಾಕ್ಷಿ. ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ಕಳೆದ ಗಂಡಸು ಹದಿನಾಲ್ಕರೊಳಗಿನ ಬಾಲೆಯ ಕೈಹಿಡಿಯುವುದನ್ನೂ ಮೈಸೂರು ಸರ್ಕಾರ 1894ರಲ್ಲಿಯೇ ನಿಷೇಧಿಸಿತು. ಆಗ ನೆರೆಯ ಬ್ರಿಟಿಷ್ ಜಿಲ್ಲೆಗಳಲ್ಲಿ ವಿವಾಹಕ್ಕೆ ಇಂಥ ವಯೋಮಿತಿಯೇ ಇರಲಿಲ್ಲ. 1930ರ ಏಪ್ರಿಲಿನಲ್ಲಿ ಶಾರದಾ ಕಾಯಿದೆ ಜಾರಿಗೆ ಬಂದು ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದು ಗೊತ್ತುಪಡಿಸಿದಾಗ ತಕ್ಕಡಿ ತಿರುಗಿತು. ಕಾಯಿದೆ ಬ್ರಿಟಿಷ್ ಇಂಡಿಯಕ್ಕೆ ಮಾತ್ರ ಅನ್ವಯಿಸುವುದೆಂಬುದನ್ನು ಅರಿತ ಸಂಪ್ರದಾಯಸ್ಥರಿಗೆ ದೇಶೀಯ ಸಂಸ್ಥಾನಗಳೂ ಫ್ರೆಂಚರ ಪುದುಚೇರಿಯೂ ಮುಹೂರ್ತಕ್ಕೆ ಪ್ರಶಸ್ತ ಕ್ಷೇತ್ರಗಳಾಗಿ ತೋರಿದುವು. ಬ್ರಿಟಿಷ್ ಪ್ರಜೆ ಇಂಡಿಯದಲ್ಲಿ ಎಲ್ಲಿಯೇ ಮದುವೆ ಮಾಡಿದರೂ ಕಾಯಿದೆ ಅವನನ್ನು ಬಿಡದೆಂದು 1938ರಲ್ಲಿ ತಿದ್ದುಪಡಿ ಮಾಡಬೇಕಾಯಿತೆಂದರೆ, ಆ ಬಗೆಯ ತೀರ್ಥಯಾತ್ರೆ ಎಷ್ಟಿದ್ದಿರಬೇಕೆಂದು ಊಹಿಸಬಹುದು. ಸೀರೆಯ ಗಂಟಿನೊಡನೆ ನಾಕಾದಲ್ಲಿ ಸಿಕ್ಕಿಬಿದ್ದ ರೈತನಿಗೆ ಇಂಥ ಸಲಹೆ ಕೊಡುವ ವಕೀಲನಿರಲಿಲ್ಲ.

ಸ್ವಾತಂತ್ರ್ಯಾನಂತರ ಈ ಗೊಂದಲ ಅಳಿಯಬೇಕಾಗಿತ್ತು. ಪಾನನಿರೋಧದ ದೆಸೆಯಿಂದ ಅದು ಇಮ್ಮಡಿಸಿತು. ಮುಂಬಯಿಯ 1949ರ ಕಾಯಿದೆಯ ಪ್ರಕಾರ ಮದ್ಯವನ್ನು ಮಾರುವುದಷ್ಟೇ ಅಲ್ಲದೆ ಬಳಿಯಲ್ಲಿ ಇಟ್ಟುಕೊಳ್ಳುವುದೂ ಕುಡಿಯುವುದೂ, ಪರವಾನಗಿಯಿಲ್ಲದವನು ಬೀದಿಯಲ್ಲಿ ಅಮಲಿನಲ್ಲಿ ಕಂಡುಬರುವುದೂ ಅಪರಾಧ. ಮದ್ಯಸಾರವುಳ್ಳ ಔಷಧ, ಸುಗಂಧದ್ರವ್ಯಗಳನ್ನೂ ಅದು ಬಿಟ್ಟಿರಲಿಲ್ಲ. ಅಷ್ಟರಮಟ್ಟಿಗೆ ಆ ವಿಧಿಗಳು ಅಸಿಂಧುವೆಂದು ಸುಪ್ರೀಂ ಕೋರ್ಟು 1951ರಲ್ಲಿ ಹೇಳಬೇಕಾಯಿತು. ಮಗ್ಗುಲ ಹೈದರಾಬಾದು ಸೀಮೆಯಲ್ಲಾದರೋ ಸೇಂದಿಯ ಅಂಗಡಿಗಳು ಸರ್ಕಾರದ ಹರಾಜಿನಲ್ಲೇ ನಡೆಯುತ್ತಿದ್ದುವು. ಕೊಪ್ಪಳದ ಕಡೆ ಸಂತೆಗೆ ಹೋಗಿ ಬಾಯಾರಿಕೆ ತೀರಿಸಿಕೊಂಡು ಸಂಜೆಯ ಗಾಡಿಗೆ ಗದಗಿಗೆ ಮರಳಿದವನು, ಹತ್ತಿದ ಸ್ಟೇಷನ್ನಿನಲ್ಲಿ ಮರ್ಯಾದಸ್ಥನಾಗಿದ್ದು ಇಳಿದ ಸ್ಟೇಷನ್ನಿನಲ್ಲಿ ಆರೋಪಿಯಾಗುವುದಕ್ಕೆ ತಡೆಯೇನೂ ಇರಲಿಲ್ಲ. ವೈದ್ಯರ ಪತ್ರ ಪಡೆದು ಪರವಾನಗಿ ಸಂಪಾದಿಸುವ ಶಕ್ತಿಯಿದ್ದವರ ವಿಷಯ ಬೇರೆ.

1956ರ ನವೆಂಬರ್ 1ರಂದು ಭೂಪಟದ ಮೇಲಿನ ಗೆರೆಗಳು ಅಳಿದುವು. ಕಾಯಿದೆಯ ಗೆರೆಗಳು ಅಳಿಯಲಿಲ್ಲ. ಬೇರೆ ಶಾಸನವಾಗುವವರೆಗೆ ಹಳೆಯ ಕಾನೂನುಗಳು ತಮ್ಮ ತಮ್ಮ ಹಳೆಯ ಪ್ರದೇಶಗಳಲ್ಲಿಯೇ ಮುಂದುವರಿಯತಕ್ಕದ್ದೆಂದು ರಾಜ್ಯ ಪುನರ್ವಿಂಗಡಣೆಯ ಅಧಿನಿಯಮದ 119ನೆಯ ವಿಧಿ ಹೇಳಿತು. ರಾತ್ರೋರಾತ್ರಿ ಎಲ್ಲವನ್ನೂ ಬದಲಿಸಿದ್ದರೆ ಆಡಳಿತವೇ ಕುಸಿಯುತ್ತಿತ್ತೆಂಬುದು ನಿಜ. ಆದುದರಿಂದ ಹೊಸ ರಾಜ್ಯದ ಕಾನೂನು ಪುಸ್ತಕಗಳಲ್ಲಿ ಬೆಳಗಾವಿ ಪ್ರದೇಶ, ಗುಲಬರ್ಗಾ ಪ್ರದೇಶ, ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ ಎಂಬ ಹೊಸ ಹೆಸರುಗಳಲ್ಲಿ ಮುಂಬಯಿ, ಹೈದರಾಬಾದು, ಮದರಾಸುಗಳು ಮರುಹುಟ್ಟು ಪಡೆದುವು. ಗದಗು, ಕೊಪ್ಪಳಗಳೆರಡೂ ಒಂದೇ ರಾಜ್ಯವನ್ನು ಸೇರಿದ ಮೇಲೂ ಒಂದರ ಕುಡಿತ ಇನ್ನೊಂದರ ಅಪರಾಧವಾಗಿಯೇ ಉಳಿಯಿತು. ಇಡೀ ರಾಜ್ಯಕ್ಕೆ ಪಾನನಿರೋಧದ ಒಂದೇ ಅಧಿನಿಯಮ ಬಂದುದು 1961ರಲ್ಲಿ. ಹಾಗೆ ಏಕರೂಪವಾಗಿ ಬಂದ ಕಾನೂನೂ ಬಹುಕಾಲ ನಿಲ್ಲಲಿಲ್ಲ. 1967ರಲ್ಲಿ ಸರ್ಕಾರವೇ ನಿರೋಧವನ್ನು ಕೈಬಿಟ್ಟಿತು.