ಓವರ್‌ಕ್ಲಾಕ್ ಮಾಡಿದರೆ ಲ್ಯಾಪ್‌ಟಾಪ್ ಗೇಮಿಂಗ್ ವೇಗ ದುಪ್ಪಟ್ಟಾಗುತ್ತದೆಯೇ?

"ಗ್ರಾಫಿಕ್ಸ್ ಕಾರ್ಡ್ ಓವರ್‌ಕ್ಲಾಕ್ ಮಾಡಿ, ವೇಗ ದುಪ್ಪಟ್ಟಾಗುತ್ತೆ" ಎಂಬ ಸಲಹೆ ನಿಮಗೂ ಬಂದಿರಬಹುದು. ಇದು ನಿಜವೇ?

ಓವರ್‌ಕ್ಲಾಕ್ ಎಂದರೇನು?
ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಚಿಪ್ ಅನ್ನು ಓಡಿಸುವುದು. ಎಂಎಸ್‌ಐ ಆಫ್ಟರ್‌ಬರ್ನರ್‌ನಂತಹ ಉಚಿತ ಸಾಫ್ಟ್‌ವೇರ್‌ನಿಂದ ಇದನ್ನು ಮಾಡಬಹುದು.

ಲ್ಯಾಪ್‌ಟಾಪ್‌ನಲ್ಲಿ ಏನು ತೊಡಕು?
ವಿದ್ಯುತ್ ಮತ್ತು ಶಾಖ. ಡೆಸ್ಕ್‌ಟಾಪ್‌ನ ಆರ್‌ಟಿಎಕ್ಸ್ 3060 ಕಾರ್ಡ್‌ಗೆ 170 ವ್ಯಾಟ್ ಸಿಗುತ್ತದೆ. ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್‌ಗೆ ಮಾದರಿಗೆ ತಕ್ಕಂತೆ ಸುಮಾರು 60ರಿಂದ 115 ವ್ಯಾಟ್ ಅಷ್ಟೇ. ಸಾಲದ್ದಕ್ಕೆ, ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡರ ಶಾಖವೂ ಒಂದೇ ಕೊಳವೆಗಳ ಮೂಲಕ ಹೊರಹೋಗಬೇಕು. ಬಿಸಿ ಮಿತಿ ಮುಟ್ಟಿದರೆ ಚಿಪ್ ತಾನಾಗಿಯೇ ವೇಗ ಇಳಿಸುತ್ತದೆ. ಆಗ ಓವರ್‌ಕ್ಲಾಕ್ ಮಾಡಿಯೂ ಪ್ರಯೋಜನವಿಲ್ಲ.

ಲಾಭ ಎಷ್ಟು?
ಸಾಮಾನ್ಯವಾಗಿ ಶೇ. 5ರಿಂದ 10. ಅಂದರೆ ಸೆಕೆಂಡಿಗೆ 60 ಫ್ರೇಮ್ ಬರುತ್ತಿದ್ದ ಗೇಮ್‌ನಲ್ಲಿ 63ರಿಂದ 66. ಬಹುತೇಕರ ಕಣ್ಣಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ನೀವೇ ಪರೀಕ್ಷಿಸಿ
ಮೊದಲು ಏನನ್ನೂ ಬದಲಿಸದೆ ಅರ್ಧ ಗಂಟೆ ಗೇಮ್ ಆಡಿ, ಫ್ರೇಮ್ ಸಂಖ್ಯೆ ಮತ್ತು ತಾಪಮಾನ ಬರೆದಿಟ್ಟುಕೊಳ್ಳಿ. ಈಗಲೇ ತಾಪಮಾನ 85 ಡಿಗ್ರಿ ದಾಟುತ್ತಿದ್ದರೆ ಓವರ್‌ಕ್ಲಾಕ್ ಬೇಡ. ಫ್ಯಾನ್‌ನ ಧೂಳು ತೆಗೆಸಿ, ಲ್ಯಾಪ್‌ಟಾಪ್‌ನ ಹಿಂಬದಿ ಎತ್ತರಿಸಿಡಿ. ತಾಪಮಾನ ಕಡಿಮೆಯಿದ್ದರೆ ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸಿ, ಅದೇ ಗೇಮ್ ಮತ್ತೆ ಆಡಿ ಹೋಲಿಸಿ. ಪರದೆಯಲ್ಲಿ ಚುಕ್ಕೆ, ಗೆರೆ ಮೂಡಿದರೆ ಅಥವಾ ಗೇಮ್ ತಾನಾಗಿ ಮುಚ್ಚಿಕೊಂಡರೆ ಹಳೆಯ ವೇಗಕ್ಕೇ ಮರಳಿ.

ಕೊನೆಯ ಮಾತು
ವೇಗ ದುಪ್ಪಟ್ಟಾಗುತ್ತದೆ ಎಂಬುದು ಸುಳ್ಳು. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಚಿಪ್ ಮದರ್‌ಬೋರ್ಡ್‌ಗೇ ಬೆಸೆದಿರುತ್ತದೆ. ಅದು ಕೆಟ್ಟರೆ ಇಡೀ ಬೋರ್ಡ್ ಬದಲಿಸಬೇಕಾಗಬಹುದು. ಮೂರ್ನಾಲ್ಕು ಫ್ರೇಮ್‌ಗಾಗಿ ಅಷ್ಟು ಖರ್ಚಿನ ಅಪಾಯ ಬೇಕೇ ಎಂದು ಯೋಚಿಸಿ, ಆಮೇಲೆ ಫಾರ್ವರ್ಡ್ ಮಾಡಿ.