ಅಗಸಿ ಮತ್ತು ಮುಖಪುಟ



ಕಳೆದ ತಿಂಗಳು ಊರಿಗೆ ಬಂದಿದ್ದ ಮೊಮ್ಮಗಳು ಬೆಂಗಳೂರಿನ ದೊಡ್ಡದೊಂದು ಸಾಫ್ಟ್‌ವೇರ್ ಕಂಪನಿಯ ಜಾಲತಾಣವನ್ನು ಮೊಬೈಲಿನಲ್ಲಿ ತೆರೆದು, ಮೂಲೆಯಲ್ಲಿದ್ದ ಮೂರು ಅಡ್ಡಗೆರೆಗಳ ಮೇಲೆ ಬೆರಳಿಟ್ಟು, ತನಗೆ ಬೇಕಾದ ಪುಟವನ್ನು ಕ್ಷಣಮಾತ್ರದಲ್ಲಿ ತಲುಪಿದಳು. ಪಕ್ಕದಲ್ಲಿ ಕುಳಿತಿದ್ದ ನಮ್ಮಕ್ಕ, "ವಿಭೂತಿ ಮುಟ್ಟಿದ ಕೂಡ್ಲೇ ಎಲ್ಲಾ ಬರ್ತದಲ್ಲೋ!" ಎಂದು ಬೆರಗಾದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ನಗುವಿನ ಬೆನ್ನಿಗೇ 2003ರ ಒಂದು ಸಂಜೆ ನೆನಪಿಗೆ ಬಂದು ಮನಸ್ಸು ಭಾರವಾಯಿತು. ಆ ಸಂಜೆಯ ಸಂಗತಿಯನ್ನೂ, ದೊಡ್ಡ ಕಂಪನಿಗಳ ಮುಖಪುಟ ಬೆಳೆದು ಬಂದ ಚರಿತ್ರೆಯನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ. ನನ್ನ ಮಟ್ಟಿಗೆ ಅವೆರಡೂ ಬೇರೆಯಲ್ಲ.

ಆಗ ನಾನು ಇಂಡಿ ಪಟ್ಟಣದಲ್ಲಿದ್ದೆ. ಹಿಂದೆ ಸಿಂದಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಬಳಿ ಗಣಿತ ಕಲಿತಿದ್ದ ಹುಡುಗನೊಬ್ಬ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದ. ಹತ್ತನೆಯ ಇಯತ್ತೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಲೆಕ್ಕದಲ್ಲಿ ಅವನಷ್ಟು ಚುರುಕಾದವರನ್ನು ನನ್ನ ಸೇವಾವಧಿಯಲ್ಲಿ ಹೆಚ್ಚು ಕಂಡಿಲ್ಲ. ಒಂದು ಕಂಪನಿಗೆ ಅಂತರ್ಜಾಲದ ಮೂಲಕವೇ ಅರ್ಜಿ ಹಾಕಬೇಕೆಂದೂ ಅಂದೇ ಕೊನೆಯ ದಿನವೆಂದೂ ತಿಳಿದು ನನ್ನಲ್ಲಿಗೆ ಓಡಿ ಬಂದ. ಕಂಪನಿಯ ಹೆಸರು ಇಲ್ಲಿ ಬೇಡ. ಇಬ್ಬರೂ ಸೈಬರ್ ಕೆಫೆಗೆ ಹೋದೆವು. ಗಂಟೆಗೆ 30 ರೂಪಾಯಿ. ದೂರವಾಣಿ ತಂತಿಯ ಸಂಪರ್ಕ. ಮೊದಲು ಕಾಣಿಸಿದ್ದು ಚಲಿಸುವ ಚಿತ್ರ. ಭೂಗೋಳ ತಿರುಗಿತು, ಅಕ್ಷರಗಳು ಹಾರಿ ಬಂದವು, ಅಷ್ಟರಲ್ಲಿ ಕಾಲು ಗಂಟೆ ಕಳೆಯಿತು. ಆಮೇಲೆ ಮುಖಪುಟ. ಅದರ ನೆತ್ತಿಯ ಮೇಲೆ ಸಾಲಾಗಿ ಪದಗಳು: ಸಲ್ಯೂಷನ್ಸ್, ಇಂಡಸ್ಟ್ರೀಸ್, ಇನ್ವೆಸ್ಟರ್ಸ್, ನ್ಯೂಸ್ ರೂಮ್, ಅಬೌಟ್ ಅಸ್.

"ನೌಕರಿ ಅಂತ ಎಲ್ಲೂ ಬರದಿಲ್ರೀ ಸರ್" ಎಂದ.

ಸಲ್ಯೂಷನ್ ಎಂದರೆ ಗಣಿತದವನಾದ ನನಗೆ ಲೆಕ್ಕದ ಉತ್ತರ, ವಿಜ್ಞಾನದವರಿಗೆ ದ್ರಾವಣ. ಇಲ್ಲಿ ಅದೇನೆಂದು ಇಬ್ಬರಿಗೂ ಹೊಳೆಯಲಿಲ್ಲ. ಕಾರ್ಖಾನೆ ಇದ್ದಲ್ಲಿ ಕೆಲಸವಿರಬೇಕಲ್ಲವೆ ಎಂದು ಅವನು ಇಂಡಸ್ಟ್ರೀಸ್ ಒತ್ತಿದ. ಬ್ಯಾಂಕು, ವಿಮೆ, ವಿಮಾನಯಾನಗಳ ವರ್ಣನೆ ಬಂತು. ಹಿಂದಕ್ಕೆ ಬಂದರೆ ಮತ್ತೆ ಅದೇ ಭೂಗೋಳ ತಿರುಗಿತು. ಇನ್ನೇನು ಮಾಡೋಣ ಎನ್ನುವಷ್ಟರಲ್ಲಿ ವಿದ್ಯುತ್ತು ಹೋಯಿತು. ನಾನು ಸಿಟ್ಟಿನಲ್ಲಿ, "ಇಷ್ಟು ವರ್ಷ ಇಂಗ್ಲಿಷ್ ಕಲಿತು ಒಂದು ಪುಟ ಓದಾಕ ಬರಂಗಿಲ್ಲಲ್ಲೋ ನಿನಗ" ಎಂದುಬಿಟ್ಟೆ. ಕೆಫೆಯಲ್ಲಿದ್ದ ನಾಲ್ಕು ಜನರ ಎದುರಿಗೆ. ಅವನು ತಲೆ ತಗ್ಗಿಸಿದ. ನೌಕರಿಯ ಕೊಂಡಿ ಅಬೌಟ್ ಅಸ್ ಎಂಬುದರೊಳಗೆ, ಅದರೊಳಗಿನ ಪೀಪಲ್ ಎಂಬುದರ ಕೆಳತುದಿಯಲ್ಲಿ ಇತ್ತೆಂದು ಎರಡು ದಿನಗಳ ಮೇಲೆ ಬೇರೆಯವರಿಂದ ತಿಳಿಯಿತು.

ತಪ್ಪು ಯಾರದು ಎಂಬ ಪ್ರಶ್ನೆ ಆಗ ನನ್ನಲ್ಲಿ ಹುಟ್ಟಲೇ ಇಲ್ಲ. ಪುಟ ಯಾವಾಗಲೂ ಸರಿ, ಓದಲಾರದವನೇ ದಡ್ಡ ಎಂಬುದು ನಮ್ಮ ಮಾಸ್ತರಿಕೆಯ ಹಳೆಯ ನಂಬಿಕೆ. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ತಮ್ಮನ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದೆ. ಜಾಲತಾಣಗಳ ವಿನ್ಯಾಸವೇ ಅವನ ಉದ್ಯೋಗ. ಹೊತ್ತು ಹೋಗದೆ ಅವನ ಕಪಾಟಿನ ಪುಸ್ತಕಗಳನ್ನು ಓದತೊಡಗಿದೆ. ಆ ನಂಬಿಕೆ ಅಲ್ಲಿ ಕುಸಿಯಿತು.

ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ವಿಶ್ವವ್ಯಾಪಿ ಜಾಲವನ್ನು ರೂಪಿಸಿ 1991ರ ಆಗಸ್ಟಿನಲ್ಲಿ ಲೋಕಕ್ಕೆ ತೆರೆದಿಟ್ಟಾಗ, ಅದರ ಮೊದಲ ಪುಟದಲ್ಲಿ ಬರಿಯ ಅಕ್ಷರ ಮತ್ತು ಕೊಂಡಿಗಳಿದ್ದವು. ಚಿತ್ರಗಳ ವೈಭವ ಬಂದದ್ದು 1993ರ ಮೊಸಾಯಿಕ್ ತಂತ್ರಾಂಶದಿಂದ. ಮರುವರ್ಷದಿಂದ ಐಬಿಎಂ, ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳು ಒಂದೊಂದಾಗಿ ತಮ್ಮ ಬಾಗಿಲು ತೆರೆದವು. ನಮ್ಮ ದೇಶದ ಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಅಂತರ್ಜಾಲ ಸಂಪರ್ಕ ಕೊಡಲಾರಂಭಿಸಿದ್ದು 1995ರ ಆಗಸ್ಟ್ 15ರಂದು.

ಆ ಕಾಲದ ದೊಡ್ಡ ಕಂಪನಿಗಳ ಮುಖಪುಟಕ್ಕೆ ತಗುಲಿದ್ದ ರೋಗ ನಮ್ಮ ಕಡೆಯವರಿಗೆ ಬಹಳ ಪರಿಚಿತವಾದುದು. ನಮ್ಮ ಜಾತ್ರೆಯ ಅಥವಾ ಶಾಲೆಯ ಗ್ಯಾದರಿಂಗಿನ ಆಮಂತ್ರಣ ಪತ್ರಿಕೆಯನ್ನು ನೆನಪಿಸಿಕೊಳ್ಳಿ. ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಜ್ಯೋತಿ ಬೆಳಗಿಸುವವರು, ಮುಖ್ಯ ಅತಿಥಿಗಳು, ವಿಶೇಷ ಆಮಂತ್ರಿತರು. ಒಬ್ಬರ ಹೆಸರು ಬಿಟ್ಟರೂ ಊರಲ್ಲಿ ಜಗಳ. ಕಾರ್ಯಕ್ರಮ ಎಷ್ಟು ಗಂಟೆಗೆ ಎಂಬುದು ಮಾತ್ರ ಕೆಳಗೆ ಸಣ್ಣ ಅಕ್ಷರದಲ್ಲಿ. ಮುಖ್ಯಾಧ್ಯಾಪಕನಾಗಿ ಇಂಥ ಪತ್ರಿಕೆಗಳನ್ನು ನಾನೇ ಎಷ್ಟೋ ಅಚ್ಚು ಹಾಕಿಸಿದ್ದೇನೆ. ಕಂಪನಿಯ ಮುಖಪುಟವೂ ಹೀಗೆಯೇ ಹುಟ್ಟಿತು. ಪ್ರತಿ ವಿಭಾಗದ ಮುಖ್ಯಸ್ಥನಿಗೂ ಅಲ್ಲೊಂದು ಜಾಗ ಬೇಕು. ಪುಟವೆಂಬುದು ಕಂಪನಿಯ ಒಳಗಿನ ಅಧಿಕಾರದ ನಕಾಶೆಯಾಯಿತು. ಬಂದವನು ಏನು ಹುಡುಕಿ ಬಂದಿದ್ದಾನೆ ಎಂದು ಕೇಳುವವರಿಲ್ಲ.

ಇದನ್ನು ಬೇಗನೆ ಗುರುತಿಸಿದವರಲ್ಲಿ ಯಾಕೋಬ್ ನೀಲ್ಸನ್ ಮುಖ್ಯರು. 1994ರಲ್ಲಿ ಅವರು ಮತ್ತು ಡ್ಯಾರೆಲ್ ಸಾನೊ ಎಂಬುವರು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಒಳಜಾಲಕ್ಕೆ ಮುಖಪುಟ ರೂಪಿಸಿದರು. ಅವರು ಅನುಸರಿಸಿದ ಕ್ರಮ ನನಗೆ ಬಹಳ ಹಿಡಿಸಿತು. ಜಾಲದಲ್ಲಿರುವ ಒಂದೊಂದು ವಿಷಯವನ್ನೂ ಒಂದೊಂದು ಚೀಟಿಯ ಮೇಲೆ ಬರೆದು, ಚೀಟಿಗಳನ್ನು ಬಳಕೆದಾರರ ಮುಂದೆ ಹರವಿ, ಯಾವುದರ ಜೊತೆ ಯಾವುದು ಸೇರಬೇಕೆಂದು ಅವರಿಂದಲೇ ಗುಂಪು ಮಾಡಿಸಿದರು. ಆಮೇಲೆ ಪುಟದ ವಿಂಗಡಣೆ. ಮಕ್ಕಳ ಕೈಯಲ್ಲಿ ಕಾಳು ಆರಿಸಿ ಬೇರೆ ಮಾಡಿಸಿದಂತೆ! 2001ರಲ್ಲಿ ನೀಲ್ಸನ್ ಮತ್ತು ಮೇರಿ ತಾಹಿರ್ 50 ಪ್ರಸಿದ್ಧ ಮುಖಪುಟಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ ಒಂದು ಪುಸ್ತಕವನ್ನೇ ಬರೆದರು. ಕೆಂಪು ಶಾಯಿಯಲ್ಲಿ ಉತ್ತರ ಪತ್ರಿಕೆ ತಿದ್ದುವವನಿಗೆ ಅದನ್ನು ಓದುವುದೇ ಒಂದು ಸಂತೋಷ.

ಐಬಿಎಂ ಕಂಪನಿಯ ಕಥೆಯನ್ನು ಓದಿದಾಗ ಮಾತ್ರ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನ್ಯೂಯಾರ್ಕ್ ಟೈಮ್ಸ್ 1999ರಲ್ಲಿ ವರದಿ ಮಾಡಿದಂತೆ, ಐಬಿಎಂ ತಾಣದಲ್ಲಿ ಜನ ಅತಿ ಹೆಚ್ಚು ಬಳಸುತ್ತಿದ್ದುದು ಹುಡುಕುವ ಪೆಟ್ಟಿಗೆಯನ್ನು. ಅದರ ನಂತರ ಸಹಾಯದ ಗುಂಡಿಯನ್ನು. ದಾರಿ ತಿಳಿಯದೆ ಹುಡುಕುತ್ತಿದ್ದರು, ಹುಡುಕಿಯೂ ಸಿಗದೆ ಸಹಾಯ ಬೇಡುತ್ತಿದ್ದರು. ಅಮೆರಿಕದಲ್ಲಿ, ಇಂಗ್ಲಿಷೇ ಮನೆಮಾತಾದವರು! ಕಂಪನಿ ತಾಣವನ್ನು ಹೊಸದಾಗಿ ಕಟ್ಟಿಸಿದ ಮೇಲೆ ಸಹಾಯದ ಗುಂಡಿಯ ಬಳಕೆ ಶೇಕಡಾ 84ರಷ್ಟು ಇಳಿಯಿತು, ಮಾರಾಟ ಶೇಕಡಾ 400ರಷ್ಟು ಏರಿತು. ಜನರ ಇಂಗ್ಲಿಷ್ ಅಷ್ಟರಲ್ಲಿ ಸುಧಾರಿಸಿರಲಿಲ್ಲವಲ್ಲ. ಸುಧಾರಿಸಿದ್ದು ಪುಟ.

ಉಳಿದ ಪ್ರಸಂಗಗಳನ್ನು ಬೇಗ ಹೇಳಿಬಿಡುತ್ತೇನೆ. ಅಮೆಜಾನ್ 1998ರಲ್ಲಿ ಪುಸ್ತಕ ಮತ್ತು ಸಂಗೀತಕ್ಕೆ ಎರಡು ಪಟ್ಟಿ ಇಟ್ಟುಕೊಂಡಿತ್ತು. ಸರಕು ಹೆಚ್ಚಿದಂತೆ ಪಟ್ಟಿಗಳೂ ಹೆಚ್ಚಿ 2000ದ ವೇಳೆಗೆ ಎರಡು ಸಾಲಾದವು, ಆಮೇಲೆ ಆ ಕ್ರಮವನ್ನೇ ಕೈಬಿಡಬೇಕಾಯಿತು. ಯಾಹೂ ಇಡೀ ಲೋಕವನ್ನು 14 ಕಪಾಟುಗಳಲ್ಲಿ ಜೋಡಿಸಹೊರಟಿತು. ಆ ಸೂಚಿ 2014ರ ಕೊನೆಗೆ ಮುಚ್ಚಿತು. ಗೂಗಲ್ ಖಾಲಿ ಪುಟದ ನಡುವೆ ಒಂದೇ ಪೆಟ್ಟಿಗೆ ಇಟ್ಟಾಗ, ಪರೀಕ್ಷೆಗೆ ಬಂದವರು ಉಳಿದ ಪುಟ ಬರಲೆಂದು ಕಾಯುತ್ತ ಕುಳಿತಿದ್ದರಂತೆ. ಪುಟ ಇಲ್ಲಿಗೆ ಮುಗಿಯಿತೆಂದು ತಿಳಿಸಲು ಕೆಳಗೆ ಹಕ್ಕುಸ್ವಾಮ್ಯದ ಸಾಲನ್ನು ಸೇರಿಸಬೇಕಾಯಿತೆಂದು ಅಲ್ಲಿ ಕೆಲಸ ಮಾಡಿದ ಮರಿಸ್ಸಾ ಮೇಯರ್ ಹೇಳಿದ್ದಾರೆ. ನಮ್ಮಕ್ಕನ 'ವಿಭೂತಿ' ಹುಟ್ಟಿದ್ದು ಇವೆಲ್ಲಕ್ಕೂ ಮೊದಲು, 1981ರಲ್ಲಿ, ಜೆರಾಕ್ಸ್ ಕಂಪನಿಯ ಸ್ಟಾರ್ ಗಣಕಯಂತ್ರದಲ್ಲಿ. ಬರೆದವರು ನಾರ್ಮ್ ಕಾಕ್ಸ್. ಮೊಬೈಲಿನ ಸಣ್ಣ ಪರದೆ ಬಂದ ಮೇಲೆ ಅದಕ್ಕೆ ಶುಕ್ರದೆಸೆ ಬಂತು.

ನಮ್ಮ ನಾಡಿನ ಕಂಪನಿಗಳಿಗೂ ನ್ಯಾಯ ಹೇಳಬೇಕು. ಇನ್ಫೋಸಿಸ್ 1999ರಲ್ಲಿ ಅಮೆರಿಕದ ನಾಸ್ಡಾಕ್ ಪೇಟೆಯಲ್ಲಿ, ವಿಪ್ರೋ 2000ದಲ್ಲಿ ನ್ಯೂಯಾರ್ಕ್ ಷೇರುಪೇಟೆಯಲ್ಲಿ ನೋಂದಾಯಿತವಾದವು. ಗಿರಾಕಿಗಳು ಸಾಗರದಾಚೆ, ಹೂಡಿಕೆದಾರರೂ ಸಾಗರದಾಚೆ. ಆ ಉದ್ಯಮದ ತಾಣಗಳಲ್ಲಿ ಹೂಡಿಕೆದಾರರ ಬಾಗಿಲು ನೆತ್ತಿಯ ಮೇಲಿದ್ದುದಕ್ಕೆ ಕಾರಣವಿತ್ತು. ಸಿಂದಗಿಯ ಹುಡುಗ ಆ ಪುಟ ಕಾದು ಕುಳಿತ ಅತಿಥಿಯಾಗಿರಲಿಲ್ಲ.

ಅದೇ ವರ್ಷಗಳಲ್ಲಿ ನಮ್ಮ ಮುದ್ದೇಬಿಹಾಳದ ತಹಶೀಲ್ದಾರ ಕಚೇರಿಯಲ್ಲಿ ಭೂಮಿ ಯೋಜನೆಯ ಕಿಟಕಿ ತೆರೆದಿತ್ತು. 15 ರೂಪಾಯಿ ಕೊಟ್ಟು ಸರ್ವೆ ನಂಬರು ಹೇಳಿದರೆ ಉತಾರ ಕೈಗೆ ಬರುತ್ತಿತ್ತು. ಹೆಬ್ಬೆಟ್ಟು ಒತ್ತುವ ರೈತನೂ ಅಲ್ಲಿ ದಾರಿ ತಪ್ಪಲಿಲ್ಲ. ಅವನನ್ನು ಕೇಳುತ್ತಿದ್ದುದು ಅವನಿಗೆ ಗೊತ್ತಿದ್ದ ಒಂದೇ ಪ್ರಶ್ನೆ.

ಇದನ್ನು ಯೋಚಿಸುವಾಗ ನನಗೆ ನೆನಪಾಗುವುದು ನಮ್ಮ ಹಳ್ಳಿಗಳ ಅಗಸಿ. ವರ್ಗಾವಣೆಯ ಕಾಗದ ಹಿಡಿದು ಬಸವನ ಬಾಗೇವಾಡಿ ತಾಲ್ಲೂಕಿನ ಹಳ್ಳಿಗೆ ಮೊದಲ ಸಲ ಹೋದಾಗ ಬೋರ್ಡೂ ಇರಲಿಲ್ಲ, ನಕಾಶೆಯೂ ಇರಲಿಲ್ಲ. ಅಗಸಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು ಕೇಳಿದ್ದು ಒಂದೇ ಮಾತು: "ಯಾರ ಮನಿಗೆ ಹೋಗಬೇಕ್ರಿ?" ಊರಿನ ಹಿರಿಮೆ, ಗೌಡರ ವಾಡೆಯ ವರ್ಣನೆ ಎಲ್ಲ ಆಮೇಲೆ, ಚಹ ಕುಡಿಯುವಾಗ. ವಿಜಯಪುರದ ಕೋಟೆಯಲ್ಲಿಯೂ ಶಹಾಪುರ ದರವಾಜೆ, ಅಲ್ಲಾಪುರ ದರವಾಜೆಗಳು ದಾರಿ ಎತ್ತ ಎಂಬುದನ್ನೇ ಹೆಸರಾಗಿ ಹೊತ್ತಿವೆ.

ಇನ್ನೊಬ್ಬರನ್ನು ನೆನೆಯದಿದ್ದರೆ ನನ್ನ ವೃತ್ತಿಗೇ ದ್ರೋಹವಾದೀತು. ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ ಮೊದಲು ಗಣಿತದ ಅಧ್ಯಾಪಕರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಿದವರು. ಆಮೇಲೆ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದನ್ನು ಓದುಗನ ವೇಳೆ ಉಳಿಸುವುದಕ್ಕಾಗಿಯೇ ಮೀಸಲಿಟ್ಟರು. 1933ರಲ್ಲಿ ಅವರು ಕೊಟ್ಟ ಕೋಲನ್ ವರ್ಗೀಕರಣ ಪದ್ಧತಿಯ ಮರ್ಮ ಹೀಗಿದೆ. 'ವಿಜಯಪುರ ಜಿಲ್ಲೆಯ ಜೋಳಕ್ಕೆ ಬರುವ ರೋಗಗಳು' ಎಂಬ ಪುಸ್ತಕವನ್ನು ಬೆಳೆಯ ಕಪಾಟಿನಲ್ಲಿ ಇಡಬೇಕೋ, ರೋಗದ ಕಪಾಟಿನಲ್ಲೋ, ಜಿಲ್ಲೆಯ ಕಪಾಟಿನಲ್ಲೋ? ಹಳೆಯ ಪದ್ಧತಿ ಒಂದನ್ನೇ ಆರಿಸೆನ್ನುತ್ತದೆ. ಇವರು ಹಾಗಲ್ಲ, ಬೆಳೆ, ರೋಗ, ಸ್ಥಳ, ಕಾಲ ಎಂಬ ಒಂದೊಂದು ಮುಖವನ್ನೂ ಬಿಡಿಸಿ ಗುರುತಿಸಿ, ಸಂಖ್ಯೆಗಳಲ್ಲಿ ಜೋಡಿಸಿದರು. ಯಾವ ಮುಖದಿಂದ ಯೋಚಿಸಿದರೂ ಪುಸ್ತಕ ಸಿಗಬೇಕು.

1998ರಲ್ಲಿ ಜಾಲತಾಣಗಳ ಒಳರಚನೆಯ ಬಗ್ಗೆ ಹೆಸರಾಂತ ಪುಸ್ತಕ ಬರೆದ ರೋಸೆನ್‌ಫೆಲ್ಡ್ ಮತ್ತು ಮೊರ್ವಿಲ್ ಇಬ್ಬರೂ ಗ್ರಂಥಾಲಯ ಶಾಸ್ತ್ರ ಓದಿದವರು. ಇಂದು ಫ್ಲಿಪ್‌ಕಾರ್ಟಿನಲ್ಲಿ ಸೀರೆ ಹುಡುಕುವಾಗ ಬಣ್ಣ, ಬಟ್ಟೆ, ಬೆಲೆ ಎಂದು ಸೋಸುವ ಸಾಲುಗಳಿವೆಯಲ್ಲ, ಅದರ ತಾತ್ವಿಕ ಬೇರು ರಂಗನಾಥನ್ ಅವರ ಆ ಮುಖಗಳಲ್ಲಿದೆ. 1962ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರದ ಸಂಶೋಧನಾ ಕೇಂದ್ರವನ್ನು ಕಟ್ಟಿದ ಅವರು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಬಾಳಿದ ಊರಿನ ಕಂಪನಿಯಾದ ಫ್ಲಿಪ್‌ಕಾರ್ಟ್ ಹುಟ್ಟಿದ್ದು 2007ರಲ್ಲಿ. ಅದರ ಮುಖಪುಟ ಕನ್ನಡ ಮಾತಾಡಿದ್ದು 2020ರಲ್ಲಿ.

ಆ ಹುಡುಗನಿಗೆ ಆ ವರ್ಷ ಎಲ್ಲಿಯೂ ಕೆಲಸವಾಗಲಿಲ್ಲ. ಈಗ ತಾಳಿಕೋಟೆಯಲ್ಲಿ ಹನಿ ನೀರಾವರಿ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಾನೆ, ಸುಖವಾಗಿದ್ದಾನೆ. ಮೊಮ್ಮಗಳು ಹೋದ ಮರುದಿನ ಅವನಿಗೆ ಫೋನು ಮಾಡಿ ಐಬಿಎಂ ಕಥೆಯನ್ನೆಲ್ಲ ಹೇಳಿದೆ. ಅಂದು ತಪ್ಪು ನಿನ್ನದಾಗಿರಲಿಲ್ಲ, ಪುಟದ್ದಾಗಿತ್ತು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗ ಅವತ್ತೇ ಗೊತ್ತಿತ್ರೀ ಸರ್" ಎಂದ. "ನೀವು ಬಾಜೂಕ ಕುಂತಿದ್ರಿ. ನಿಮಗೂ ಸಿಗಲಿಲ್ಲಲ್ರೀ."

ನಾನು ಕ್ಷಮೆ ಕೇಳಿದೆ. ಅವನು ಮಾತು ಬದಲಿಸಿ, ಇಂಡಿ ಕಡೆ ಲಿಂಬಿಗೆ ಈ ಸಲ ದರ ಹೆಂಗೈತಿ ಎಂದು ವಿಚಾರಿಸಿದ.