ಬೆಂಕಿಪೊಟ್ಟಣದ ಕಾರು, ಪ್ರಳಯದ ನಂತರದ ರಸ್ತೆ

ಪೆಟ್ರೋಲಿಗೆ ಹಾಹಾಕಾರ ಎದ್ದಿರೋ, ಕಾನೂನು ಕಟ್ಟಳೆ ಎಲ್ಲ ಮಣ್ಣುಪಾಲಾಗಿರೋ ಲೋಕ. ಅಲ್ಲಿ ಮಷಿನ್ ಗನ್ ಹೊತ್ತ ಕಾರುಗಳು ಒಂದನ್ನೊಂದು ಅಟ್ಟಾಡಿಸ್ತಿವೆ. ಇದನ್ನ ಊಟದ ಮೇಜಿನ ಮೇಲೆ, ದಾಳ ಉರುಳಿಸುತ್ತಾ, ಮೂರು ಇಂಚಿನ ಆಟಿಕೆ ಕಾರುಗಳಲ್ಲಿ ಆಡೋ ಆಟದ ಹೆಸರು ಗ್ಯಾಸ್‌ಲ್ಯಾಂಡ್ಸ್. ಮೈಕ್ ಹಚಿನ್ಸನ್ ಬರೆದದ್ದು, ಬ್ರಿಟನ್ನಿನ ಆಸ್ಪ್ರೇ 2017ರಲ್ಲಿ ಪ್ರಕಟಿಸಿದ್ದು. ಆಟ ಅಂದ್ರೆ ಒಂದು ತೆಳ್ಳನೆಯ ಪುಸ್ತಕ, ಅಷ್ಟೇ. ಜೊತೆಗೆ ಕಾರು ಕೊಡಲ್ಲ. ನೀವೇ ತನ್ನಿ, ನೀವೇ ಕೆಡಿಸಿ ಅನ್ನುತ್ತೆ! ಈ ಆಟ ಗೆದ್ದಿದ್ದೇ ಕಾರು ಮಾರದೇ ಇದ್ದದ್ದರಿಂದ ಅನ್ನೋದು ನನ್ನ ವಾದ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1947ರ ಲಂಡನ್. ಯುದ್ಧ ಮುಗಿಸಿ ಬಂದ ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಅನ್ನೋ ಇಬ್ಬರು ಗೆಳೆಯರು (ಅಣ್ಣತಮ್ಮಂದಿರಲ್ಲ) ತಮ್ಮ ಹೆಸರುಗಳನ್ನೇ ಕತ್ತರಿಸಿ ಅಂಟಿಸಿ ‘ಲೆಸ್ನಿ’ ಅಂತ ಕಂಪನಿ ಮಾಡಿ, ಒಂದು ಪಾಳುಬಿದ್ದ ಪಬ್ಬಿನಲ್ಲಿ ಎರಕದ ಕೆಲಸ ಶುರುಮಾಡ್ತಾರೆ. ಇವರ ಜೊತೆ ಸೇರಿದವನು ಜ್ಯಾಕ್ ಓಡೆಲ್. ಅವನ ಮಗಳ ಶಾಲೆಯಲ್ಲಿ ಒಂದು ನಿಯಮ: ಬೆಂಕಿಪೊಟ್ಟಣದೊಳಗೆ ಹಿಡಿಸೋ ಆಟಿಕೆ ಮಾತ್ರ ತರಬಹುದು. ಓಡೆಲ್ ಕಂಪನಿಯ ರೋಡ್ ರೋಲರ್ ಆಟಿಕೆಯನ್ನ ಕುಗ್ಗಿಸಿ ಪೊಟ್ಟಣದಲ್ಲಿಟ್ಟು ಕಳಿಸಿದ. ಮಿಕ್ಕ ಮಕ್ಕಳಿಗೂ ಅದೇ ಬೇಕಾಯ್ತು. 1953ರಲ್ಲಿ ಮ್ಯಾಚ್‌ಬಾಕ್ಸ್ ಹುಟ್ಟಿದ್ದು ಹೀಗೆ. ಶಾಲೆಯೊಂದರ ಶಿಸ್ತು ಆಟಿಕೆ ಕಾರಿನ ಅಳತೆ ನಿಗದಿ ಮಾಡಿತು ನೋಡಿ :) ಬಸ್ಸಾಗಲಿ ಕಾರಾಗಲಿ ಅದೇ ಡಬ್ಬಿಗೆ ಹಿಡಿಸಬೇಕಿತ್ತು, ಹಾಗಾಗಿ ಸ್ಕೇಲ್ ಒಂದೇ ಇರಲಿಲ್ಲ.

1968ರಲ್ಲಿ ಅಮೆರಿಕದ ಮ್ಯಾಟೆಲ್ 16 ಕಾರುಗಳ ಹಾಟ್ ವೀಲ್ಸ್ ತಂತು. ತೆಳು ಆಕ್ಸಲ್, ಸಲೀಸಾಗಿ ಓಡೋ ಚಕ್ರ. ಹೊಳಪಿಗೆ ಒಂದು ಉಪಾಯ: ಲೋಹವನ್ನ ಮಿರಮಿರ ಉಜ್ಜಿ, ಮೇಲೆ ಪಾರದರ್ಶಕ ಬಣ್ಣ ಬಳಿಯೋದು. ಮರುವರ್ಷವೇ ಲೆಸ್ನಿಯವರು ‘ಸೂಪರ್‌ಫಾಸ್ಟ್’ ಅಂತ ಹಿಂದೆ ಓಡಿದರು. 1982ರಲ್ಲಿ ಲೆಸ್ನಿ ದಿವಾಳಿ. 1997ರಲ್ಲಿ ಮ್ಯಾಚ್‌ಬಾಕ್ಸೂ ಮ್ಯಾಟೆಲ್ ಪಾಲಾಯ್ತು. ಇಷ್ಟರಲ್ಲಿ ಜಗತ್ತಿನ ತುಂಬ ಅಗ್ಗದ, ಸುಮಾರು 1:64 ಅಳತೆಯ ಕಾರುಗಳು ಹರಡಿಹೋಗಿದ್ವು. ನಮ್ಮ ಮನೆಗಳ ಅಟ್ಟದಲ್ಲೂ ಒಂದೆರಡು ಸಿಗುತ್ತವೆ, ಹುಡುಕಿ.

ಇನ್ನು ಆಟದ ಕಡೆ ಬರೋಣ. 1973ರ ತೈಲ ಬಿಕ್ಕಟ್ಟಿನಲ್ಲಿ ಜನ ಬಂಕ್‌ಗಳ ಮುಂದೆ ಕಿತ್ತಾಡಿದ ನೆನಪು ಆಸ್ಟ್ರೇಲಿಯಾದ ‘ಮ್ಯಾಡ್ ಮ್ಯಾಕ್ಸ್’ (1979) ಸಿನಿಮಾದ ಹಿಂದಿದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದಲ್ಲಿ ಸ್ಟೀವ್ ಜ್ಯಾಕ್ಸನ್ ಗೇಮ್ಸ್‌ನವರ ‘ಕಾರ್ ವಾರ್ಸ್’ ಬಂತು. ಅದರಲ್ಲಿ ಕಾರು ಅಂದ್ರೆ ಒಂದು ಇಂಚಿನ ರಟ್ಟಿನ ಚೂರು. ಒಂದು ಇಂಚಿಗೆ 15 ಅಡಿ ಲೆಕ್ಕ, ಅಂದ್ರೆ 1:180. ಆಟಿಕೆ ಕಾರು ಇಟ್ಟರೆ ರಸ್ತೆಯೇ ಸಾಲದು. 2002ರ ಐದನೇ ಆವೃತ್ತಿಯಲ್ಲಿ ಅವರು ಇಂಚಿಗೆ 5 ಅಡಿ ಮಾಡಿದರು. ಭಾಗಿಸಿ ನೋಡಿ, 1:60. ಇಪ್ಪತ್ತು ವರ್ಷ ಬೇಕಾಯ್ತು, ಆಟದ ನಕ್ಷೆ ಆಟಿಕೆಯ ಅಳತೆಗೆ ಬರೋಕೆ!

ನಡುವೆ 1988ರಲ್ಲಿ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ‘ಡಾರ್ಕ್ ಫ್ಯೂಚರ್’ ತಂದು, ಡಬ್ಬಿಯಲ್ಲೇ ಪ್ಲಾಸ್ಟಿಕ್ ಕಾರುಗಳನ್ನೂ ಇಟ್ಟಿತ್ತು. ಚಂದದ ಕಾರುಗಳು. ಆದರೆ ಕೆಲವೇ ವರ್ಷಕ್ಕೆ ಕಂಪನಿ ಆಟ ಕೈಬಿಟ್ಟಿತು, ಅಚ್ಚುಗಳೂ ನಿಂತವು. ಆಮೇಲೆ ಆಡಬೇಕಂದ್ರೆ ಸೆಕೆಂಡ್ ಹ್ಯಾಂಡ್ ಡಬ್ಬಿ ಹುಡುಕಬೇಕು. ಸಪೋರ್ಟ್ ನಿಲ್ಲಿಸಿದ ಸಾಫ್ಟ್‌ವೇರ್ ಇಟ್ಟುಕೊಂಡು ಒದ್ದಾಡಿದವರಿಗೆ ಈ ಸಂಕಟ ಗೊತ್ತು. ಗ್ಯಾಸ್‌ಲ್ಯಾಂಡ್ಸ್‌ಗೆ ಆ ಭಯ ಇಲ್ಲ. ಅದರ ಕಾರು ಯಾವುದೋ ಅಂಗಡಿಯಲ್ಲಿ, ಆಟಕ್ಕೆ ಸಂಬಂಧವೇ ಇಲ್ಲದ ಕಂಪನಿಯದು, ನೇತುಹಾಕಿರುತ್ತೆ.

ಕೆಡಿಸೋದು ಹೇಗೆ? ಕಾರಿನ ಹೊಟ್ಟೆ ಮೇಲೆ ಮಾಡಿ. ಒಂದೋ ಎರಡೋ ರಿವೆಟ್ ಕಾಣುತ್ತೆ. ಅದರ ತಲೆಯನ್ನಷ್ಟೇ ಡ್ರಿಲ್ಲಿನಲ್ಲಿ ಕೊರೆದರೆ ಸತುವಿನ ಮಿಶ್ರಲೋಹದ ಬಾಡಿ, ಗಾಜು, ಸೀಟು, ತಳ ಎಲ್ಲ ಬೇರೆಬೇರೆ. (ಕಣ್ಣಿಗೆ ಕನ್ನಡಕ ಇರಲಿ, ಲೋಹದ ಚೂರು ಸಿಡಿಯುತ್ತೆ. ಹಳೇ ಕಾರಾದರೆ ಕೊರೆಯೋ ಮೊದಲು ಬೆಲೆ ವಿಚಾರಿಸಿ, ಸಂಗ್ರಾಹಕರು ಅತ್ತುಬಿಡ್ತಾರೆ.) ಕಿಟಕಿಗೆ ಸೊಳ್ಳೆ ಜಾಲರಿ, ಬಂದೂಕಿನ ನಳಿಗೆಗೆ ಖಾಲಿ ರೀಫಿಲ್, ಮುಂದೆ ಗುದ್ದೋಕೆ ಪ್ಲಾಸ್ಟಿಕ್ ಪಟ್ಟಿ. ಪ್ರೈಮರ್ ಹೊಡೆದು ಮೇಲೆ ಹೊಳಪಿಲ್ಲದ ಬಣ್ಣ.

ನಿಜವಾದ ಕೆಲಸ ಇರೋದು ಇಲ್ಲಿಂದಾಚೆ. ಸ್ಪಂಜಿನ ಚೂರನ್ನ ಕಡುಕಂದು ಬಣ್ಣದಲ್ಲಿ ಅದ್ದಿ, ಮುಕ್ಕಾಲು ಒರೆಸಿ, ಅಂಚುಗಳ ಮೇಲೆ ಮೆಲ್ಲಗೆ ಒತ್ತಿದರೆ ಬಣ್ಣ ಚಕ್ಕೆ ಎದ್ದ ಹಾಗೆ ಕಾಣುತ್ತೆ. ಎಲ್ಲೆಂದರಲ್ಲಿ ಒತ್ತಿದರೆ ಕಾರಿಗೆ ಸಿಡುಬು ಬಂದಂಗಿರುತ್ತೆ. ಬಾಗಿಲಿನ ತುದಿ, ಬಾನೆಟ್ಟಿನ ಅಂಚು, ಅಂದ್ರೆ ಕೈ ಮತ್ತು ಕಲ್ಲು ತಾಗೋ ಜಾಗ. ತುಕ್ಕು ನೀರು ನಿಲ್ಲೋ ಕಡೆ, ಮಸಿ ಸೈಲೆನ್ಸರಿನ ಹಿಂದೆ, ಧೂಳು ಚಕ್ರದ ಸುತ್ತ ಕೆಳಗಿನಿಂದ ಮೇಲಕ್ಕೆ. ಮ್ಯಾಟೆಲ್‌ನವರು ಅಷ್ಟು ಕಷ್ಟಪಟ್ಟು ಮಿನುಗಿಸಿದ್ದನ್ನ ಮಂಕು ಮಾಡೋಕೆ ಒಂದು ಸಂಜೆ ಪೂರ್ತಿ ಬೇಕು.

ಕೊನೆಗೆ ಜೋಡಿಸುವಾಗ ಗೋಂದು ಹಾಕಬೇಡಿ. ರಿವೆಟ್ ಇದ್ದ ಕಂಬಕ್ಕೇ ತೂತು ಕೊರೆದು ಪುಟ್ಟ ಸ್ಕ್ರೂ ಬಿಗಿಯಿರಿ, ಬಂದೂಕಿನಡಿ ಚಿಕ್ಕ ಅಯಸ್ಕಾಂತ ಇಡಿ. ಬಾಡಿ ಸತುವಾದ್ದರಿಂದ ಅಯಸ್ಕಾಂತಕ್ಕೆ ಅಂಟಲ್ಲ, ಮಾಡಿನ ಒಳಗಡೆ ಇನ್ನೊಂದು ಅಂಟಿಸಬೇಕು. ಮುಂದಿನ ಆಟಕ್ಕೆ ಅದೇ ಕಾರಿಗೆ ಬೇರೆ ಆಯುಧ.